ಕ್ಯಾಮೆರಾ ಗ್ರಿಪ್ ಕಿತ್ತು ಬರ್ತಿದೆಯಾ? ಗ್ಲೂ ಹಾಕೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಲದ ವಿಷಯ ತುಂಬಾ ಸಣ್ಣದು, ಒಂದೆರಡು ಮಿಲಿಮೀಟರ್ ದಪ್ಪದ್ದು. ಡಿಜಿಟಲ್ ಕ್ಯಾಮೆರಾದಲ್ಲಿ ಬಲಗೈ ಹಿಡಿಯೋ ಜಾಗಕ್ಕೆ, ಹಿಂದೆ ಹೆಬ್ಬೆರಳು ಊರೋ ಜಾಗಕ್ಕೆ ಕಪ್ಪು ರಬ್ಬರ್ ಅಂಟಿಸಿರ್ತಾರಲ್ಲ, ಆ ಗ್ರಿಪ್ ಬಗ್ಗೆ.

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡಿ ಕೊಳ್ಳೋದು ಹೇಗೆ ಅಂತ ಹಿಂದೊಂದು ಸಂಚಿಕೆ ಮಾಡಿದ್ದೆ. ಶಟರ್ ಕೌಂಟ್ ಬಗ್ಗೆ ಕೇಳ್ತಾರೆ, ಸೆನ್ಸರ್ ಬಗ್ಗೆ ಕೇಳ್ತಾರೆ ಅಂದ್ಕೊಂಡಿದ್ರೆ, ಬಂದ ವಾಯ್ಸ್ ನೋಟ್‌ಗಳಲ್ಲಿ ಮತ್ತೆ ಮತ್ತೆ ಒಂದೇ ಪ್ರಶ್ನೆ. ಕ್ಯಾಮೆರಾ ಚೆನ್ನಾಗಿದೆ, ಫೋಟೋ ಚೆನ್ನಾಗಿ ಬರುತ್ತೆ, ಆದರೆ ಗ್ರಿಪ್ ಎದ್ದು ಬರ್ತಿದೆ, ಏನು ಹಾಕಿ ಅಂಟಿಸೋದು? ಹಾಸನದಿಂದ ಒಬ್ಬರು ಹೇಳಿದ್ದು ನನಗೆ ಬಹಳ ಇಷ್ಟವಾಯ್ತು: "ನಮ್ಮ ಕ್ಯಾಮೆರಾಗೆ ಚರ್ಮ ಸುಲೀತಿದೆ, ಏನಾದರೂ ಮದ್ದು ಹೇಳಿ."

ಮದ್ದು ಇದೆ, ದುಬಾರಿಯೂ ಅಲ್ಲ. ಮನೆಯಲ್ಲೇ ಒಂದು ಭಾನುವಾರ ಕೂತು ಮಾಡಿಕೊಳ್ಳಬಹುದು. ಆದರೆ ಸೂಪರ್ ಗ್ಲೂ ಮಾತ್ರ ಹಾಕಬೇಡಿ. ಅರ್ಧಕ್ಕೇ ಎದ್ದು ಹೋಗೋರು ಇದ್ದರೆ ಇಷ್ಟು ಕೇಳಿಸಿಕೊಂಡು ಹೋಗಿ. ಕಾರಣ ಬೇಕು ಅನ್ನೋರು ಕೂತ್ಕೊಳ್ಳಿ.

ದಾವಣಗೆರೆ ಹತ್ತಿರದ ಒಂದು ಊರಿನಲ್ಲಿ ಮದುವೆ ಫೋಟೋ ತೆಗೆಯೋ ಒಬ್ಬರಿದ್ದಾರೆ. ನಾನು ಅಣ್ಣ ಅಂತಲೇ ಕರೆಯೋದು. ಅವರ ಹತ್ತಿರ ಇರೋದು ಒಂದೇ ಒಳ್ಳೆ ಡಿಎಸ್‌ಎಲ್‌ಆರ್, ಅದೂ ಸೆಕೆಂಡ್ ಹ್ಯಾಂಡ್. ಮದುವೆ, ನಾಮಕರಣ, ಸೀಮಂತ, ಶಾಲೆಯ ಗ್ರೂಪ್ ಫೋಟೋ, ಎಲ್ಲಾ ಅದರಲ್ಲೇ. ಗ್ರಿಪ್ ಎದ್ದು ಬಂತು. ಮರುದಿನ ಮುಹೂರ್ತದ ಫೋಟೋ ಇದೆ, ಕೈಯಲ್ಲಿ ರಬ್ಬರ್ ಜಾರ್ತಾ ಇದೆ. ಪಕ್ಕದ ಅಂಗಡಿಯಿಂದ ಐದು ರೂಪಾಯಿಯ ಗ್ಲೂ ತಂದು ಹಾಕಿ ಒತ್ತಿದರು. ಕಲ್ಲಿನ ಹಾಗೆ ಕೂತ್ಕೊಂಡಿತು. ಅಲ್ಲಿಗೆ ಕೆಲಸ ಮುಗೀತು ಅಂದ್ಕೊಂಡರು.

ಎಂಟು ತಿಂಗಳಾದ ಮೇಲೆ ಅದೇ ಕ್ಯಾಮೆರಾದ ಶಟರ್ ಹೋಯ್ತು. ಅದು ಸವೆಯೋ ಭಾಗ, ಎಲ್ಲಾ ಕ್ಯಾಮೆರಾಗಳಲ್ಲೂ ಒಂದು ದಿನ ಹೋಗೋದೇ, ಬದಲಾಯಿಸಬಹುದು. ಬೆಂಗಳೂರಿಗೆ ತಗೊಂಡು ಬಂದರು, ನಾನೂ ಜೊತೆಗೆ ಹೋಗಿದ್ದೆ. ರಿಪೇರಿ ಮಾಡೋ ಹುಡುಗ ಕ್ಯಾಮೆರಾನ ಎರಡು ಸಲ ತಿರುಗಿಸಿ ನೋಡಿ, ರಬ್ಬರಿನ ಅಂಚನ್ನ ಉಗುರಲ್ಲಿ ಕೆದಕಿ, "ಅಣ್ಣಾ, ಇದನ್ನ ಅಂಟಿಸಿದ್ದು ಯಾರು?" ಅಂದ.

"ಬಿಟ್ಕೊಂಡಿತ್ತಪ್ಪಾ, ಅಂಟಿಸಿದ್ವಿ. ಅದರಲ್ಲೇನಿದೆ?"

"ಸ್ಕ್ರೂ ಎಲ್ಲಾ ಇದರ ಕೆಳಗೇ ಇರೋದು ಅಣ್ಣಾ. ಇದನ್ನ ಕಿತ್ತರೆ ರಬ್ಬರ್ ಹರಿಯುತ್ತೆ, ಬಾಡಿಯ ಪ್ಲಾಸ್ಟಿಕ್ ಕೂಡ ಎದ್ದು ಬರಬಹುದು. ಆಮೇಲೆ ನನ್ನ ಮೇಲೆ ಹೇಳಬೇಡಿ."

ಅವನು ಹೇಳಿದ ಹಾಗೇ ಆಯ್ತು. ರಬ್ಬರ್ ಚೂರು ಚೂರಾಗಿ ಬಂತು, ಬಾಡಿಯ ಮೇಲೆ ಗಾಯದ ಗುರುತು ಉಳೀತು. ಶಟರ್ ಖರ್ಚು ಹೇಗೂ ಇತ್ತು. ಅದರ ಮೇಲೆ ಹೊಸ ರಬ್ಬರ್ ಸೆಟ್, ಗಂಟೆಗಟ್ಟಲೆ ಕೆರೆದಿದ್ದಕ್ಕೆ ಹೆಚ್ಚಿನ ಮಜೂರಿ, ರಬ್ಬರ್ ಬರೋ ತನಕ ಎರಡು ಮದುವೆಗೆ ಬಾಡಿಗೆ ಕ್ಯಾಮೆರಾ. ಐದು ರೂಪಾಯಿಯ ಗ್ಲೂ ಒಟ್ಟು ಆರು ಸಾವಿರ ರೂಪಾಯಿ ಮುಟ್ಟಿಸಿತು. ಹಾಗಂತ ಅಣ್ಣನನ್ನ ದೂರೋಕೂ ಆಗಲ್ಲ. ಗ್ರಿಪ್ ಕೆಳಗೆ ಸ್ಕ್ರೂ ಇದೆ ಅಂತ ಕ್ಯಾಮೆರಾ ಜೊತೆ ಬರೋ ಪುಸ್ತಕದಲ್ಲಿ ಯಾರೂ ಬರೆದಿರಲ್ಲ.

ಇದರಲ್ಲಿ ನಾವು ತಿಳ್ಕೋಬೇಕಾದ ಮುಖ್ಯ ವಿಷಯ ಇದೆ. ಕ್ಯಾಮೆರಾದ ಹೊರಮೈ ನಾಲ್ಕೈದು ತುಂಡುಗಳ ಜೋಡಣೆ. ಮುಂದಿನ ಕವರ್, ಹಿಂದಿನ ಕವರ್, ಮೇಲಿನದು, ಕೆಳಗಿನದು. ಪ್ಲಾಸ್ಟಿಕ್ ಆಗಿರಬಹುದು, ದುಬಾರಿ ಕ್ಯಾಮೆರಾ ಆದರೆ ಮೆಗ್ನೀಸಿಯಂ ಮಿಶ್ರಲೋಹ ಆಗಿರಬಹುದು. ಇವನ್ನೆಲ್ಲ ಹಿಡಿದಿಡೋದು ಸಣ್ಣ ಸಣ್ಣ ಸ್ಕ್ರೂಗಳು. ಎಷ್ಟೋ ಮಾದರಿಗಳಲ್ಲಿ ಆ ಸ್ಕ್ರೂಗಳಲ್ಲಿ ಕೆಲವು ಗ್ರಿಪ್‌ನ ರಬ್ಬರ್ ಕೆಳಗೆ ಇರುತ್ತವೆ. ರಿಪೇರಿಯವರು ಕ್ಯಾಮೆರಾ ಬಿಚ್ಚಬೇಕಾದರೆ ಮೊದಲು ಮಾಡೋ ಕೆಲಸವೇ ರಬ್ಬರ್ ಕೀಳೋದು. ಅದಕ್ಕೇ ಕಾರ್ಖಾನೆಯಲ್ಲೂ ಅದನ್ನ ಗ್ಲೂ ಹಾಕಿ ಕೂರಿಸಲ್ಲ, ತೆಳ್ಳನೆಯ ಡಬಲ್ ಸೈಡ್ ಟೇಪ್ ಹಾಕಿರ್ತಾರೆ. ಅಂದರೆ ಗ್ರಿಪ್ ಅನ್ನೋದು ಒಂದು ಬಾಗಿಲು. ಬಾಗಿಲಿಗೆ ಚಿಲಕ ಹಾಕ್ತೀವಿ, ಸಿಮೆಂಟ್ ಮೆತ್ತಲ್ಲ.

ಹಾಗಾದರೆ ಆ ಟೇಪ್ ಯಾಕೆ ಬಿಟ್ಕೊಳ್ಳುತ್ತೆ? ಜನ ಅಂದ್ಕೊಳ್ಳೋದು ಅಂಟು ಒಣಗಿ ಹೋಯ್ತು ಅಂತ. ಕೆಲವು ಸಲ ಹೌದು. ಆದರೆ ಹೆಚ್ಚಾಗಿ ನಡೆಯೋದು ಬೇರೆ, ರಬ್ಬರೇ ದೊಡ್ಡದಾಗಿರುತ್ತೆ.

ಕಡಲೆಕಾಳು ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಊದಿರುತ್ತಲ್ಲ, ಅದನ್ನ ನೆನಪು ಮಾಡ್ಕೊಳ್ಳಿ. ರಬ್ಬರ್ ಒಳಗೆ ಉದ್ದುದ್ದ ಎಳೆಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಆ ಬಲೆಯ ಸಂದಿಗಳಿಗೆ ನೀರು ಅಷ್ಟು ಸುಲಭವಾಗಿ ನುಗ್ಗಲ್ಲ, ಎಣ್ಣೆ ನುಗ್ಗುತ್ತೆ. ನಮ್ಮ ಅಂಗೈಯ ಜಿಡ್ಡು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್, ಸೊಳ್ಳೆ ಕಚ್ಚದ ಹಾಗೆ ಹಚ್ಚಿಕೊಳ್ಳೋ ಕ್ರೀಮ್, ಎಲ್ಲವೂ ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತೆ. ಅದರಲ್ಲೂ ಡೀಟ್ ಅನ್ನೋ ರಾಸಾಯನಿಕ ಇರೋ ಸೊಳ್ಳೆ ಕ್ರೀಮ್ ಬಲು ಕೆಟ್ಟದ್ದು, ಕೆಲವು ಪ್ಲಾಸ್ಟಿಕ್‌ಗಳನ್ನೇ ಕರಗಿಸುತ್ತೆ. ಕಾಡಿಗೆ ಹೋಗಿ ಹಕ್ಕಿ ಫೋಟೋ ತೆಗೆಯೋರು ದಯವಿಟ್ಟು ಗಮನಿಸಿ.

ಇನ್ನು ಮದುವೆ ಮನೆ ಫೋಟೋಗ್ರಾಫರ್ ಕಥೆ ಕೇಳಲೇಬೇಡಿ. ಎಣ್ಣೆ ಶಾಸ್ತ್ರ, ಅರಿಶಿಣ ಶಾಸ್ತ್ರ ಮುಗಿಸಿ, ಅಡುಗೆಯವರು ಕೊಟ್ಟ ಬಿಸಿ ಬೋಂಡಾ ಒಂದು ಕೈಯಲ್ಲಿ, ಕ್ಯಾಮೆರಾ ಇನ್ನೊಂದು ಕೈಯಲ್ಲಿ. ರಬ್ಬರ್ ಊದದೆ ಇನ್ನೇನು ಮಾಡುತ್ತೆ?

ಊದಿದ ರಬ್ಬರ್ ಉದ್ದ ಆಗುತ್ತೆ, ಆದರೆ ಅದು ಕೂರೋ ಜಾಗ ಉದ್ದ ಆಗಲ್ಲ. ಹೆಚ್ಚಾದ ಒಂದು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಗುಬ್ಬಿಯ ಹಾಗೆ ಏಳುತ್ತೆ. ಅದರ ಮೇಲೆ ಹೆಬ್ಬೆರಳು ದಿನಕ್ಕೆ ಸಾವಿರ ಸಲ ಪಕ್ಕಕ್ಕೆ ತಳ್ಳುತ್ತೆ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ಕಾರಿನ ಒಳಗೆ ಬಿಟ್ಟರೆ ಟೇಪಿನ ಅಂಟು ಮೆತ್ತಗಾಗಿ ಜಾರುತ್ತೆ. ಹಳೆಯ ನಿಕಾನ್ ಡಿ300, ಡಿ700 ಬಳಸಿದವರಿಗೆ ಹಿಂಬದಿಯ ಹೆಬ್ಬೆರಳಿನ ರಬ್ಬರ್ ಹೀಗೆ ಏಳೋದು ಚೆನ್ನಾಗಿ ಗೊತ್ತು. ಆದರೆ ಇದು ಒಂದು ಕಂಪನಿಯ ಕಾಯಿಲೆ ಅಂತ ತಿಳ್ಕೋಬೇಡಿ. ರಬ್ಬರ್, ಎಣ್ಣೆ, ಶಾಖ ಮೂರೂ ಸೇರಿದ ಕಡೆಯಲ್ಲೆಲ್ಲ ಇದು ಆಗುತ್ತೆ. ನನ್ನ ಸ್ವಂತ ಕ್ಯಾಮೆರಾದ್ದೂ ಎದ್ದಿತ್ತು, ಅದರ ಕಂಪನಿ ಹೆಸರು ಈಗ ಬೇಡ ಬಿಡಿ.

ಈಗ ಒಂದು ಎಚ್ಚರಿಕೆ. ಗ್ರಿಪ್ "ಹಾಳಾಗಿದೆ" ಅಂದಾಗ ಎಲ್ಲರೂ ಒಂದೇ ಕಾಯಿಲೆ ಹೇಳ್ತಿರಲ್ಲ. ಕಿತ್ತು ಬರೋದು ಬೇರೆ, ಅಂಟಂಟಾಗೋದು ಬೇರೆ, ಬೆಳ್ಳಗಾಗೋದು ಬೇರೆ.

ಅಂಟಂಟಾಗೋದು ನಿಮಗೆಲ್ಲ ಗೊತ್ತಿರೋದೇ. ಹಳೆಯ ಛತ್ರಿ ಹಿಡಿ, ಹಳೆಯ ಕಂಪ್ಯೂಟರ್ ಮೌಸ್ ಕಪಾಟಿನಿಂದ ತೆಗೆದರೆ ಕೈಗೆ ಹಲಸಿನ ಮೇಣದ ಹಾಗೆ ಮೆತ್ತಿಕೊಳ್ಳುತ್ತಲ್ಲ, ಅದೇ ಇದು. ಪ್ಲಾಸ್ಟಿಕ್ ಮೇಲೆ ಮುಟ್ಟೋಕೆ ಮೆತ್ತಗೆ ಇರಲಿ ಅಂತ ಒಂದು ಪಾಲಿಯುರಿಥೇನ್ ಲೇಪನ ಹಾಕಿರ್ತಾರೆ. ಗಾಳಿಯಲ್ಲಿರೋ ತೇವ ವರ್ಷಗಟ್ಟಲೆ ಅದನ್ನ ಒಡೆದು ಮತ್ತೆ ಗೋಂದು ಮಾಡುತ್ತೆ. ಫಿಲ್ಮ್ ಕಾಲದ ನಿಕಾನ್ ಎಫ್80 ಕ್ಯಾಮೆರಾದ ಹಿಂಬಾಗಿಲು ಇದಕ್ಕೆ ಹೆಸರುವಾಸಿ. ಇದನ್ನ ಸರಿ ಮಾಡೋಕೆ ಆಗಲ್ಲ, ತೆಗೆಯೋದೇ ದಾರಿ. ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಅಂಗಡಿಯವರು ಐಪಿಎ ಅನ್ನೋದನ್ನ ಬಟ್ಟೆಗೆ ಹಾಕಿ ತಾಳ್ಮೆಯಿಂದ ಒರೆಸಿದರೆ ಲೇಪನ ಪೂರ್ತಿ ಬಂದು ಕೆಳಗಿನ ಪ್ಲಾಸ್ಟಿಕ್ ಉಳಿಯುತ್ತೆ. ನೋಡೋಕೆ ಸ್ವಲ್ಪ ಹೊಳಪು ಜಾಸ್ತಿ ಇರುತ್ತೆ, ಆದರೆ ಕೈಗೆ ಅಂಟಲ್ಲ. ಪೌಡರ್ ಹಾಕಿ ಮುಚ್ಚೋರು ಇದ್ದಾರೆ, ಎರಡು ದಿನದಲ್ಲಿ ಪೌಡರ್ ಕೂಡ ಅಂಟಾಗುತ್ತೆ.

ಬೆಳ್ಳಗಾಗೋದಕ್ಕೆ ಎರಡು ಮೂರು ಕಾರಣ. ರಬ್ಬರ್ ಬೇಗ ಬಿರುಕು ಬಿಡದಿರಲಿ ಅಂತ ಅದರೊಳಗೆ ಮೇಣ, ಇನ್ನಿತರ ವಸ್ತು ಬೆರೆಸಿರ್ತಾರೆ. ಅದು ನಿಧಾನಕ್ಕೆ ಮೇಲಕ್ಕೆ ಬಂದು ಬೂದಿ ಹಚ್ಚಿದ ಹಾಗೆ ಕಾಣುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ, ಕೆಲವು ವಾರ ಬಿಟ್ಟು ಮತ್ತೆ ಬರಬಹುದು. ಅಪಾಯ ಏನಿಲ್ಲ. ಮಲೆನಾಡು, ಕರಾವಳಿ ಕಡೆ ಆದರೆ ಬೂಷ್ಟೂ ಇರಬಹುದು. ಚುಕ್ಕಿ ಚುಕ್ಕಿಯಾಗಿದ್ದು ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಆಗ ಗ್ರಿಪ್ ಬಿಟ್ಟು ಮೊದಲು ಲೆನ್ಸ್ ಪರೀಕ್ಷೆ ಮಾಡಿ.

ಇನ್ನೊಂದು ಅಪರೂಪದ ಪ್ರಕರಣ 2012ರದ್ದು. ಕ್ಯಾನನ್ 650ಡಿ ಮಾರುಕಟ್ಟೆಗೆ ಬಂದ ಹೊಸದರಲ್ಲೇ, ಕೆಲವು ಕ್ಯಾಮೆರಾಗಳ ಮುಂದಿನ ಗ್ರಿಪ್ ಬೆಳ್ಳಗಾಗ್ತಿದೆ ಅಂತ ಜುಲೈನಲ್ಲಿ ಕಂಪನಿಯೇ ಪ್ರಕಟಣೆ ಹೊರಡಿಸಿತು. ರಬ್ಬರ್ ಬೇಗ ಹದಕ್ಕೆ ಬರಲಿ ಅಂತ ಹಾಕೋ ರಾಸಾಯನಿಕ ಕೆಲವಕ್ಕೆ ಮಾಮೂಲಿಗಿಂತ ಹೆಚ್ಚು ಉಳಿದುಕೊಂಡು, ಇನ್ನೊಂದು ವಸ್ತುವಿನ ಜೊತೆ ಸೇರಿ ಸತುವಿನ ಒಂದು ಸಂಯುಕ್ತ ಆಗಿತ್ತು. ಅದರ ಪೂರ್ತಿ ಹೆಸರು ನನ್ನ ಬಾಯಲ್ಲಿ ತಿರುಗಲ್ಲ. ಕೆಲವರ ಚರ್ಮಕ್ಕೆ ಅಲರ್ಜಿ ಆಗಬಹುದು, ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ ಅಂತ ಹೇಳಿ ಆ ಕ್ಯಾಮೆರಾಗಳನ್ನ ಪುಕ್ಕಟೆ ಸರಿಮಾಡಿ ಕೊಟ್ಟರು. ರಬ್ಬರ್ ಅಂದರೆ ಬರೀ ರಬ್ಬರ್ ಅಲ್ಲ, ಅದರೊಳಗೆ ಒಂದು ಮಸಾಲೆ ಡಬ್ಬಿಯೇ ಇರುತ್ತೆ ಅಂತ ತೋರಿಸೋಕೆ ಇದನ್ನ ಹೇಳಿದೆ.

ಸರಿ, ನಮ್ಮ ವಿಷಯಕ್ಕೆ ಬರೋಣ. ಕಿತ್ತು ಬಂದ ಗ್ರಿಪ್.

ಬೇಕಾಗೋ ಸಾಮಾನು ಕಡಿಮೆ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ, ಬೇರೆ ಊರಿನವರಿಗೆ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿ ಸಾಕು. "ಡಿಸ್‌ಪ್ಲೇ ಅಂಟಿಸೋ ತೆಳು ಡಬಲ್ ಟೇಪ್ ಕೊಡಿ" ಅಂದರೆ ಅವರಿಗೆ ಅರ್ಥವಾಗುತ್ತೆ. ನಾನು ಬಳಸೋದು 3ಎಂ ಕಂಪನಿಯ 300ಎಲ್‌ಎಸ್‌ಇ ಅನ್ನೋ ಅಂಟಿರೋ ಟೇಪ್, 0.17 ಮಿಲಿಮೀಟರ್ ದಪ್ಪದ್ದು. ಕೆಸುವಿನ ಎಲೆ ಮೇಲೆ ನೀರು ನಿಲ್ಲದೆ ಜಾರುತ್ತಲ್ಲ, ಹಾಗೆ ಕೆಲವು ಪ್ಲಾಸ್ಟಿಕ್‌ಗಳ ಮೇಲೆ ಮಾಮೂಲಿ ಅಂಟು ಹಿಡಿಯೋದೇ ಇಲ್ಲ. ಅಂಥ ಮೈಗೂ ಹಿಡಿಯೋ ಹಾಗೆ ಮಾಡಿದ ಅಂಟು ಇದು. ಗೋಡೆಗೆ ಕೊಕ್ಕೆ ಅಂಟಿಸೋ ಸ್ಪಂಜ್ ಟೇಪ್ ಬೇಡ, ದಪ್ಪ ಜಾಸ್ತಿಯಾಗಿ ರಬ್ಬರ್ ಅಂಚು ಮೇಲೆ ನಿಲ್ಲುತ್ತೆ. ಎಲೆಕ್ಟ್ರಿಷಿಯನ್ ಬಳಸೋ ಕಪ್ಪು ಟೇಪ್ ಮೇಲಿಂದ ಸುತ್ತೋದಂತೂ ಬೇಡವೇ ಬೇಡ, ಬಿಸಿಲಿಗೆ ಅದರ ಅಂಟು ಹೊರಗೆ ಬಂದು ಕ್ಯಾಮೆರಾ ತುಂಬ ಮೆತ್ತುತ್ತೆ.

ಎರಡನೆಯದು ಐಪಿಎ. ಅದೇ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತೆ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಇನ್ನೂ ಇದೆ ಅಂತ ಅದನ್ನ ಬಳಸಬೇಡಿ. ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರ್ತಾರೆ, ಆ ಜಿಡ್ಡಿನ ಮೇಲೆ ಟೇಪ್ ಕೂರಲ್ಲ. ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಹತ್ತಿರವೂ ತರಬೇಡಿ, ಬಾಡಿಯ ಪ್ಲಾಸ್ಟಿಕ್ ಮತ್ತು ಬಣ್ಣ ಕರಗುತ್ತೆ. ಗೋಂದಿನ ಕಲೆ ತೆಗೆಯೋಕೆ ಕೊಬ್ಬರಿ ಎಣ್ಣೆ ಹಚ್ಚು ಅಂತ ಮನೆಯಲ್ಲಿ ಹೇಳ್ತಾರೆ. ಸ್ಟೀಲ್ ಡಬ್ಬಿಗೆ ಸರಿ, ಇಲ್ಲಿ ಬೇಡ. ಯಾವುದರಿಂದ ಕಾಯಿಲೆ ಬಂತೋ ಅದನ್ನೇ ಮದ್ದು ಅಂತ ಹಚ್ಚಿದ ಹಾಗೆ ಆಗುತ್ತೆ.

ಇನ್ನು ಕಿವಿಗೆ ಹಾಕೋ ಹತ್ತಿ ಕಡ್ಡಿ, ಒಂದು ಹೊಸ ಬ್ಲೇಡ್, ಸಣ್ಣ ಚಿಮುಟ, ಹಳೆಯ ಎಟಿಎಂ ಕಾರ್ಡ್, ಹೇರ್ ಡ್ರೈಯರ್. ಇಷ್ಟೇ.

ಬ್ಯಾಟರಿ ಮತ್ತು ಕಾರ್ಡ್ ಹೊರಗೆ ತೆಗೆದಿಡಿ. ಲೆನ್ಸ್ ತೆಗೆದು ಬಾಡಿ ಕ್ಯಾಪ್ ಹಾಕಿ. ಡ್ರೈಯರನ್ನ ಕಡಿಮೆ ಬಿಸಿಯಲ್ಲಿಟ್ಟು ಅರ್ಧ ಅಡಿ ದೂರದಿಂದ ಮೂವತ್ತು ನಲವತ್ತು ಸೆಕೆಂಡ್ ಗ್ರಿಪ್ ಮೇಲೆ ಆಡಿಸಿ. ಕೈಗೆ ಬೆಚ್ಚಗೆ ಅನ್ನಿಸಿದರೆ ಸಾಕು. ಪ್ಲಂಬರ್, ಪೇಂಟರ್ ಬಳಸೋ ಹೀಟ್ ಗನ್ ಬೇಡ, ಸ್ಕ್ರೀನ್ ಮೇಲೆ ಬಿಸಿ ಗಾಳಿ ಬಿಡಬೇಡಿ. ಎದ್ದಿರೋ ಮೂಲೆಯಿಂದ ಎಟಿಎಂ ಕಾರ್ಡಿನ ಅಂಚನ್ನ ಒಳಗೆ ತೂರಿಸಿ ನಿಧಾನಕ್ಕೆ ಬಿಡಿಸ್ತಾ ಹೋಗಿ. ಇಲ್ಲಿ ಅವಸರ ಮಾಡಿ ಕೈಯಿಂದ ಎಳೆದರೆ ಮೊದಲೇ ಊದಿದ ರಬ್ಬರ್ ಇನ್ನೂ ಉದ್ದ ಆಗುತ್ತೆ. ದೋಸೆ ಎಬ್ಬಿಸ್ತೀವಲ್ಲ, ಸುತ್ತಲೂ ಬಿಡಿಸಿ ಆಮೇಲೆ ಎತ್ತೋದು, ಹಾಗೆ ಮಾಡಿ.

ರಬ್ಬರ್ ಬಂದ ಮೇಲೆ ಕೆಳಗೆ ಸ್ಕ್ರೂಗಳು ಕಾಣುತ್ತವೆ. ಸ್ಕ್ರೂ ಕಂಡ ಕೂಡಲೇ ಕೆಲವರಿಗೆ ಕೈ ತುರಿಸುತ್ತೆ. ಬಿಚ್ಚಬೇಡಿ. ಒಳಗೆ ಫ್ಲ್ಯಾಶ್‌ನ ಕೆಪಾಸಿಟರ್ ಇರುತ್ತೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಮುನ್ನೂರು ವೋಲ್ಟ್ ಆಸುಪಾಸು ಉಳಿದಿರಬಹುದು. ಅದು ಗೊತ್ತಿದ್ದವರು ಮಾಡೋ ಕೆಲಸ. ನಮ್ಮದು ಹೊರಮೈ ಅಷ್ಟೇ.

ಬಾಡಿ ಮೇಲೆ ಉಳಿದ ಹಳೆಯ ಅಂಟನ್ನ ಮೊದಲು ಹೆಬ್ಬೆರಳಲ್ಲಿ ಉಜ್ಜಿ. ಶಾವಿಗೆ ಹಾಗೆ ಉರುಳಿಕೊಂಡು ಬರುತ್ತೆ. ಬಾರದೆ ಉಳಿದಿದ್ದಕ್ಕೆ ಹತ್ತಿ ಕಡ್ಡಿಗೆ ಐಪಿಎ ಹಾಕಿ ಒರೆಸಿ. ಕ್ಯಾಮೆರಾ ಮೇಲೆ ನೇರವಾಗಿ ಸುರಿಯಬೇಡಿ, ಆ ಸ್ಕ್ರೂ ತೂತುಗಳಿಂದ ಒಳಗೆ ಹೋಗುತ್ತೆ. ಈ ಹಂತಕ್ಕೆ ಸಮಯ ಕೊಡಿ. ನನ್ನ ಲೆಕ್ಕದಲ್ಲಿ ಒಟ್ಟು ಎರಡು ಗಂಟೆ ಕೆಲಸದಲ್ಲಿ ಒಂದು ಗಂಟೆ ಇದಕ್ಕೇ ಹೋಗುತ್ತೆ, ಹೋಗಬೇಕು ಕೂಡ. ಟೇಪ್ ಎಷ್ಟೇ ಒಳ್ಳೆಯದಾಗಿದ್ದರೂ ಜಿಡ್ಡಿನ ಮೇಲೆ ಹಾಕಿದರೆ ಜಿಡ್ಡಿಗೆ ಅಂಟುತ್ತೆ, ಕ್ಯಾಮೆರಾಗೆ ಅಂಟಲ್ಲ.

ಬಿಡಿಸಿದ ರಬ್ಬರನ್ನ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ, ನೀರು, ಹಳೆಯ ಟೂತ್ ಬ್ರಷ್ ಹಾಕಿ ತೊಳೀರಿ. ಚುಕ್ಕಿ ಚುಕ್ಕಿ ವಿನ್ಯಾಸದ ಸಂದಿಯಲ್ಲಿ ಕೂತಿರೋ ಕೊಳೆ ನೋಡಿದರೆ ನಿಮಗೇ ಗಾಬರಿ ಆಗುತ್ತೆ. ತೊಳೆದು ನೆರಳಲ್ಲಿ ಒಂದು ದಿನ ಒಣಗಿಸಿ. ಬಿಸಿಲಿಗೆ ಇಟ್ಟರೆ ಕುಗ್ಗುತ್ತೆ ಅಂತ ಕೆಲವರು ಹೇಳ್ತಾರೆ. ಬಿಸಿಲಿಗೆ ಇಟ್ಟ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡೋದೇ ಹೆಚ್ಚು. ಒಣಗಿದ ಮೇಲೆ ಒಳಭಾಗವನ್ನ ಐಪಿಎಯಿಂದ ಒಂದು ಸಲ ಒರೆಸಿ.

ಈಗ ಟೇಪ್ ಇಲ್ಲದೆಯೇ ರಬ್ಬರನ್ನ ಅದರ ಜಾಗಕ್ಕೆ ಕೂರಿಸಿ ನೋಡಿ. ಸರಿಯಾಗಿ ಕೂತರೆ ನಿಮ್ಮ ಅದೃಷ್ಟ. ಎಲ್ಲೋ ಒಂದು ಕಡೆ ಹೆಚ್ಚಾಗಿ ಉಬ್ಬಿ ನಿಂತರೆ ಕತ್ತರಿಸಬೇಕು. ಎಲ್ಲಿ ಕತ್ತರಿಸಬೇಕು ಅನ್ನೋದರಲ್ಲೇ ಕೈಚಳಕ ಇರೋದು. ಕಣ್ಣಿಗೆ ಕಾಣೋ ಅಂಚಿಗೆ ಬ್ಲೇಡ್ ಹಾಕಬೇಡಿ. ಪಕ್ಕದ ಪ್ಲಾಸ್ಟಿಕ್ ತುಟಿಯ ಕೆಳಗೆ ಸೇರಿಕೊಳ್ಳೋ ಅಂಚು, ಅಥವಾ ಕಾರ್ಡ್ ಬಾಗಿಲಿನ ಕಡೆಗೆ ಮರೆಯಾಗೋ ಅಂಚು ಆರಿಸಿಕೊಳ್ಳಿ. ಒಂದೇ ಸಲ ಎರಡು ಮಿಲಿಮೀಟರ್ ತೆಗೆಯಬೇಡಿ. ಅರ್ಧ ಮಿಲಿಮೀಟರ್ ತೆಗೆದು ಕೂರಿಸಿ ನೋಡಿ, ಮತ್ತೆ ಅರ್ಧ. ರವಿಕೆ ಹೊಲಿಯೋ ಟೈಲರ್‌ಗಳಿಗೆ ಇದು ಹೇಳಿಕೊಡಬೇಕಾಗಿಲ್ಲ, ಕಡಿಮೆ ಕತ್ತರಿಸಿದ್ದನ್ನ ಮತ್ತೆ ಕತ್ತರಿಸಬಹುದು. ಮೂರು ಮಿಲಿಮೀಟರಿಗಿಂತ ಹೆಚ್ಚು ಬೆಳೆದಿದ್ದರೆ ಕತ್ತರಿಸೋ ಸಾಹಸ ಬಿಟ್ಟು ಹೊಸ ರಬ್ಬರ್ ತಗೊಳ್ಳಿ.

ಟೇಪನ್ನ ಬಾಡಿಗೆ ಹಾಕಬೇಡಿ, ರಬ್ಬರಿನ ಒಳಮೈಗೆ ಹಾಕಿ. ರಬ್ಬರನ್ನ ಮೇಜಿನ ಮೇಲೆ ಮಲಗಿಸಿ, ಎಳೆಯದೆ, ಪಟ್ಟಿ ಪಟ್ಟಿಯಾಗಿ ಪಕ್ಕಪಕ್ಕ ಅಂಟಿಸಿ. ಒಂದರ ಮೇಲೊಂದು ಏರಬಾರದು, ಏರಿದರೆ ಹೊರಗಿನಿಂದ ಗೆರೆ ಕಾಣುತ್ತೆ. ಅಂಚಿನ ತನಕ ಟೇಪ್ ಬರಲಿ, ಏಕೆಂದರೆ ಏಳೋದು ಅಂಚಿನಿಂದಲೇ. ಸುತ್ತ ಹೆಚ್ಚಾದದ್ದನ್ನ ಬ್ಲೇಡಿನಿಂದ ತೆಗೆದು, ಬಟನ್ ಅಥವಾ ಸ್ಟ್ರಾಪ್ ಕೊಂಡಿಗೆ ತೂತು ಇದ್ದರೆ ಅಲ್ಲೂ ಕತ್ತರಿಸಿ.

ಇನ್ನು ಕೂರಿಸೋದು. ಟೇಪಿನ ಕಾಗದವನ್ನ ಒಂದೇ ಸಲ ಪೂರ್ತಿ ಕಿತ್ತುಬಿಟ್ಟರೆ ರಬ್ಬರ್ ಎಲ್ಲೆಲ್ಲೋ ಅಂಟಿ ಕಣ್ಣಲ್ಲಿ ನೀರು ಬರುತ್ತೆ. ಮೊದಲು ಒಂದು ಕಡೆಯದ್ದು ಮಾತ್ರ ತೆಗೀರಿ. ರಬ್ಬರಿಗೆ ಎಲ್ಲಾದರೂ ಒಂದು ಗಟ್ಟಿ ಮೂಲೆ, ಒಂದು ಸಣ್ಣ ಮೂಗು ಇರುತ್ತೆ, ಬಾಡಿಯ ಗುಳಿಗೆ ಸರಿಯಾಗಿ ಕೂರೋದು. ಅಲ್ಲಿಂದ ಶುರು ಮಾಡಿ. ಅದು ಕೂತ ಮೇಲೆ ಉಳಿದ ಕಾಗದ ಎಳೀತಾ, ರಬ್ಬರನ್ನ ಎಳೆಯದೆ ಬರೀ ಒತ್ತುತ್ತಾ ಹೋಗಿ. ಕೊನೆಗೆ ಹೆಬ್ಬೆರಳಲ್ಲಿ ಅಂಚಿನ ಸುತ್ತ ಗಟ್ಟಿಯಾಗಿ ಒತ್ತಿ, ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಮತ್ತೊಮ್ಮೆ ಒತ್ತಿ. ಈ ಜಾತಿಯ ಅಂಟು ಹಾಕಿದ ತಕ್ಷಣ ಪೂರ್ತಿ ಹಿಡಿಯಲ್ಲ, ಹೊತ್ತು ಹೋದ ಹಾಗೆ ಹಿಡಿತ ಹೆಚ್ಚುತ್ತೆ. ನಾನು ಮಾಡೋದು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಕೆಳಗೊಂದು ಹತ್ತಿ ಬಟ್ಟೆ ಇಟ್ಟು, ಗ್ರಿಪ್ ಸುತ್ತ ಹಿತವಾಗಿ ಸುತ್ತಿ ಒಂದು ರಾತ್ರಿ ಬಿಡೋದು. ಮೂರು ದಿನ ಬಳಸದೆ ಇದ್ದರೆ ಇನ್ನೂ ಒಳ್ಳೆಯದು. ಹಾಗಾಗಿ ನಾಳೆ ಮದುವೆ ಅಂದಾಗ ಈ ಕೆಲಸಕ್ಕೆ ಕೂರಬೇಡಿ. ಒಂದು ಮೂಲೆ ಮಾತ್ರ ಎದ್ದಿದ್ದರೆ ಅಷ್ಟು ಜಾಗ ಐಪಿಎಯಿಂದ ಒರೆಸಿ, ಚಿಮುಟದಲ್ಲಿ ಒಂದು ಸಣ್ಣ ಪಟ್ಟಿ ಒಳಗೆ ತೂರಿಸಿ ಒತ್ತಿದರೆ ಆ ಸೀಸನ್ ಕಳೆಯುತ್ತೆ.

ಜೋರು ಮಳೆಗಾಲದಲ್ಲೂ ಬೇಡ. ಆಗುಂಬೆ, ಮಡಿಕೇರಿ ಕಡೆ ಜುಲೈ ತಿಂಗಳಲ್ಲಿ ಎಲ್ಲದರ ಮೇಲೂ ಕಣ್ಣಿಗೆ ಕಾಣದ ತೇವ ಕೂತಿರುತ್ತೆ. ಕಾಯೋಕೆ ಆಗಲ್ಲ ಅಂದರೆ ಬಾಡಿ, ರಬ್ಬರ್ ಎರಡನ್ನೂ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಂಡು ಹಚ್ಚಿ.

ಸೂಪರ್ ಗ್ಲೂ ಬಗ್ಗೆ ಇನ್ನೂ ಸ್ವಲ್ಪ. ಸ್ಕ್ರೂ ವಿಷಯ ಬಿಟ್ಟರೂ ಅದು ಈ ಕೆಲಸಕ್ಕೆ ಹೊಂದಲ್ಲ. ಅದು ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿ, ರಬ್ಬರ್ ಮಾತ್ರ ಬಗ್ಗುತ್ತೆ. ಹಿಡಿದು ಒತ್ತಿದಾಗಲೆಲ್ಲ ಗ್ಲೂ ಒಳಗೊಳಗೇ ಬಿರುಕು ಬಿಡುತ್ತೆ. ಒಣಗುವಾಗ ಬರೋ ಆವಿ ಸುತ್ತಲೂ ಬಿಳಿ ಮಂಜಿನ ಕಲೆ ಮಾಡುತ್ತೆ, ಅದು ವ್ಯೂಫೈಂಡರ್ ಗಾಜಿನ ಮೇಲೆ ಕೂತರೆ ಇನ್ನೊಂದು ಗೋಳು. ಚಪ್ಪಲಿ ರಿಪೇರಿಯವರ ಹಳದಿ ಸೊಲ್ಯೂಷನ್ ಬಗ್ಗೆಯೂ ಕೇಳಿದ್ದೀರಿ. ಅದು ರಬ್ಬರಿಗೆ ಚೆನ್ನಾಗಿ ಹಿಡಿಯುತ್ತೆ, ಬಗ್ಗುತ್ತೆ, ಗ್ಲೂಗಿಂತ ವಾಸಿ. ಆದರೆ ಅದರಲ್ಲಿರೋ ದ್ರಾವಕ ಬಾಡಿಯ ಪ್ಲಾಸ್ಟಿಕ್‌ಗೆ ಒಳ್ಳೆಯದಲ್ಲ, ಅಂಚಿನಿಂದ ಹೊರಗೆ ಬಂದರೆ ಒರೆಸೋದು ಕಷ್ಟ. ನಾನು ಬಳಸಲ್ಲ.

ಈಗಾಗಲೇ ಗ್ಲೂ ಹಾಕಿಬಿಟ್ಟಿದ್ದೀವಿ ಅನ್ನೋರು ಗಾಬರಿಯಾಗಬೇಡಿ. ಕ್ಯಾಮೆರಾ ಕೆಲಸ ಮಾಡ್ತಿದ್ದರೆ ಹಾಗೇ ಬಿಡಿ, ಸುಮ್ಮನೆ ಕೀಳೋಕೆ ಹೋಗಬೇಡಿ. ಮುಂದೆ ರಿಪೇರಿಗೆ ಕೊಡುವಾಗ ಮೊದಲೇ ಹೇಳಿ, ಹೊಸ ರಬ್ಬರ್ ಮುಂಚೆಯೇ ತರಿಸಿಟ್ಟುಕೊಳ್ಳಿ. ನಮ್ಮ ಅಣ್ಣನಿಗೆ ಬಾಡಿಗೆ ಕ್ಯಾಮೆರಾ ಖರ್ಚು ಬಿದ್ದಿದ್ದು ರಬ್ಬರಿಗೆ ಕಾದಿದ್ದರಿಂದ.

ಹೊಸ ರಬ್ಬರ್ ಅಂದಾಗ ದುಡ್ಡಿನ ಮಾತು ಬರುತ್ತೆ. ಬಿ.ಕಾಂ. ಓದಿದವನ ಚಟ, ಸಹಿಸ್ಕೊಳ್ಳಿ. ಆದಾಯ ತೆರಿಗೆ ಲೆಕ್ಕದಲ್ಲಿ ಯಂತ್ರೋಪಕರಣಗಳಿಗೆ ಸಾಮಾನ್ಯವಾಗಿ ವರ್ಷಕ್ಕೆ 15 ಪರ್ಸೆಂಟ್ ಸವಕಳಿ, ಅದೂ ಉಳಿದ ಮೌಲ್ಯದ ಮೇಲೆ. 60,000 ರೂಪಾಯಿಗೆ ಕೊಂಡ ಕ್ಯಾಮೆರಾ ಹೀಗೆ ಎಂಟು ವರ್ಷ ಸವೆದರೆ ಪುಸ್ತಕದಲ್ಲಿ ಸುಮಾರು 16,350 ರೂಪಾಯಿ ಉಳಿಯುತ್ತೆ. ಗ್ರಿಪ್ ಎದ್ದಿರೋ ಕ್ಯಾಮೆರಾನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ತಗೊಂಡು ಹೋಗಿ ನೋಡಿ. ನಾನು ಹೋದಾಗ ಅಂಗಡಿಯವರು ಸೆನ್ಸರ್ ನೋಡೋ ಮುಂಚೆ ಗ್ರಿಪ್ ನೋಡಿ 2,500 ಇಳಿಸಿದರು. ಅವರ ತಪ್ಪೂ ಅಲ್ಲ. ರಬ್ಬರ್ ಎದ್ದಿದ್ದರೆ ತುಂಬಾ ಬಳಸಿದ್ದಾರೆ, ಸರಿಯಾಗಿ ನೋಡ್ಕೊಂಡಿಲ್ಲ ಅನ್ನಿಸುತ್ತೆ. ನಾನು ವಾಪಸ್ ತಂದು ಟೇಪಿಗೆ 180, ಐಪಿಎಗೆ 120 ಕೊಟ್ಟು, ಒಂದು ಭಾನುವಾರ ಕೂತು ಸರಿ ಮಾಡ್ಕೊಂಡೆ. ಆಮೇಲೆ ಮಾರೋಕೆ ಮನಸ್ಸು ಬರಲಿಲ್ಲ, ಅದು ಬೇರೆ ವಿಷಯ.

ಪೂರ್ತಿ ಹೊಸ ಸೆಟ್ ಬೇಕಾದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಮಾದರಿ ಹಳೆಯದಾದರೆ ಇಲ್ಲ ಅಂತ ಹೇಳಬಹುದು. ಆಗ ಉಳಿಯೋದು ಆನ್‌ಲೈನಿನಲ್ಲಿ ಸಿಗೋ ನಕಲಿ ಸೆಟ್‌ಗಳು, ಹೆಚ್ಚಾಗಿ ಚೀನಾದವು. ಆಕಾರಕ್ಕೆ ಕತ್ತರಿಸಿದ ಟೇಪ್ ಹಿಂದೆ ಹಾಕಿಯೇ ಕಳಿಸ್ತಾರೆ. ಗುಣಮಟ್ಟ ಒಂದೊಂದು ಒಂದೊಂದು ಥರ, ಕೆಲವು ಅರ್ಧ ಮಿಲಿಮೀಟರ್ ಚಿಕ್ಕದಾಗಿ ಬರುತ್ತವೆ. ಕೊಳ್ಳೋವಾಗ ಮಾದರಿಯ ಹೆಸರನ್ನ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಡಿ7000 ರಬ್ಬರ್ ಡಿ7100ಕ್ಕೆ ಕೂರಲ್ಲ.

ಇದಕ್ಕೊಂದು ದೊಡ್ಡ ಹಿನ್ನೆಲೆಯೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಕ್ಯಾಮೆರಾ ಅಂತ ಬೇರೆಯಾಗಿ ಹೆಸರಿಲ್ಲ. ಇತ್ತ ಕ್ಯಾನನ್, ನಿಕಾನ್ ಎರಡೂ ಹೊಸ ಕ್ಯಾಮೆರಾಗಳ ಗಮನವನ್ನೆಲ್ಲ ಮಿರರ್‌ಲೆಸ್ ಕಡೆಗೆ ತಿರುಗಿಸಿವೆ. ಅಂದರೆ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಇನ್ನೂ ಅನ್ನ ಹಾಕ್ತಿರೋ ಡಿಎಸ್‌ಎಲ್‌ಆರ್‌ಗಳಿಗೆ ಬಿಡಿಭಾಗ ಸಿಗೋದು ವರ್ಷದಿಂದ ವರ್ಷಕ್ಕೆ ಕಷ್ಟ ಆಗುತ್ತೆ. ಇರೋ ರಬ್ಬರನ್ನ ಹರಿಯದೆ ತೆಗೆಯೋ ಹಾಗೆ ಉಳಿಸಿಕೊಳ್ಳೋದು ಅದಕ್ಕೇ ಮುಖ್ಯ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ: ಸರಿ ಮಾಡಿದ ಮೇಲೆ ಎಷ್ಟು ದಿನ ಬರುತ್ತೆ? ನನ್ನದು ಮೂರು ವರ್ಷದಿಂದ ಹಾಗೇ ಇದೆ. ಬಳಸಿದ ದಿನ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸ್ತೀನಿ. ಬ್ಯಾಗಿನಲ್ಲಿ ಗ್ರಿಪ್ ಮೇಲೆ ಭಾರ ಬೀಳದ ಹಾಗೆ ಇಡ್ತೀನಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯನ್ನ ಸೋಪ್ ಹಾಕಿ ತೊಳೆದೇ ಕ್ಯಾಮೆರಾ ಮುಟ್ಟೋದು. ಮದುವೆ ಮನೆಯಲ್ಲಿ ಬೋಂಡಾ ಬಿಡಿ ಅಂತ ನಾನು ಹೇಳಲ್ಲ, ಕರ್ಚೀಫ್ ಒಂದು ಜೇಬಲ್ಲಿರಲಿ.

ನೀವು ಮಾಡಿ ನೋಡಿದರೆ ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಲೆನ್ಸ್ ಒಳಗೆ ಬರೋ ಬೂಷ್ಟಿನ ಬಗ್ಗೆ ಮಾತಾಡೋಣ. ಮಲೆನಾಡಿನವರು ಪ್ರಶ್ನೆಗಳನ್ನ ಈಗಲೇ ವಾಯ್ಸ್ ನೋಟ್ ಮಾಡಿ ಕಳಿಸಿಬಿಡಿ. ಸಿಗೋಣ.